ಹೋಗದ ಊರಿನ ನಕ್ಷೆ

ಹೋಗದ ಊರಿಗೆ ದಾರಿ ಕೇಳುವವರ ಮೇಲೆ ಗಾದೆ ಕಟ್ಟಿದ ಹಿರಿಯರು, ಇಲ್ಲದ ಊರಿಗೆ ನಕ್ಷೆ ಬರೆಯುವವರೂ ಮುಂದೆ ಹುಟ್ಟಿಯಾರು ಎಂದು ಎಣಿಸಿರಲಿಲ್ಲ. ಹುಟ್ಟಿದ್ದಾರೆ. ವಿಶ್ವವಿದ್ಯಾಲಯಗಳು ಅಂಥವರನ್ನು ಕರೆದು ಎಂ.ಟೆಕ್. ಕೊಡುತ್ತವೆ, ಇನ್ನೂ ಹಟ ಹಿಡಿದರೆ ಪಿಎಚ್.ಡಿ.ಯನ್ನೂ ಕೊಡುತ್ತವೆ. ನನ್ನ ತಮ್ಮನ ಮಗಳು ಆ ಸಾಲಿಗೆ ಸೇರುವ ಆತುರದಲ್ಲಿದ್ದಾಳೆ. ರಜೆಗೆಂದು ನಮ್ಮೂರು ಬಾಬುರಾಯನಕೊಪ್ಪಲಿಗೆ ಬಂದವಳು ಒಬ್ಬಟ್ಟಿನ ತಟ್ಟೆಯನ್ನೂ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪಿನಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಸುತ್ತಿದ್ದಳು.

"ಇದ್ಯಾವ ಊರವ್ವ?" ಎಂದೆ.

"ಯಾವ ಊರೂ ಅಲ್ಲ ದೊಡ್ಡಪ್ಪ, ನೆಟ್‌ವರ್ಕು. ಎಲ್ಲೂ ಇಲ್ಲ."

"ಇಲ್ಲದ್ದನ್ನ ಯಾಕ್ ಬರೀತೀಯ?"

"ಇರೋದನ್ನ ಯಾರೂ ತೋರ್ಸಲ್ಲ ಕಣ್ ದೊಡ್ಡಪ್ಪ, ಅದಕ್ಕೆ."

ಆ ಕೊನೆಯ ಮಾತು ನೂರಕ್ಕೆ ನೂರು ನಿಜ. ಇಂಟರ್‌ನೆಟ್ ಎಂಬುದು ಯಾರೊಬ್ಬರ ಆಸ್ತಿಯೂ ಅಲ್ಲ. ಕಂಪನಿಗಳು, ವಿಶ್ವವಿದ್ಯಾಲಯಗಳು, ಸರ್ಕಾರಿ ಇಲಾಖೆಗಳು ತಂತಮ್ಮ ಜಾಲ ಕಟ್ಟಿಕೊಂಡು ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ತಮ್ಮ ಜಾಲದೊಳಗೆ ಯಾವ ಯಂತ್ರ ಯಾವುದಕ್ಕೆ ಸೇರಿದೆ ಎಂಬುದನ್ನು ಕಂಪನಿಗಳು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಇತ್ತ ಮಾಹಿತಿ ಸಾಗಿಸುವ ಹೊಸ ವಿಧಾನವೊಂದನ್ನು ಕಂಡುಕೊಂಡವನು, ತಾಳಿ, ಇದನ್ನು ಇಡೀ ಜಗತ್ತಿನ ಇಂಟರ್‌ನೆಟ್ಟಿನ ಮೇಲೆ ಒಮ್ಮೆ ಓಡಿಸಿ ನೋಡುತ್ತೇನೆ ಎಂದರೆ ಯಾರು ಬಿಟ್ಟಾರು? ಹಾಗಾಗಿ ಪರೀಕ್ಷೆಗೆ ಒಂದು ಸುಳ್ಳು ಇಂಟರ್‌ನೆಟ್ ಬೇಕು. ನಿಜದ ಹಾಗೇ ಕಾಣುವ ಸುಳ್ಳು. ಅದನ್ನು ಕೇಳಿದ ಗಾತ್ರಕ್ಕೆ ಹೆಣೆದುಕೊಡುವ ತಂತ್ರಾಂಶಗಳಿಗೆ ಟೊಪಾಲಜಿ ಜನರೇಟರ್ ಎನ್ನುತ್ತಾರೆ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಂಡಿದ್ದವನು. ಇಂಥ ಚುಕ್ಕಿ ಗೆರೆಗಳನ್ನೇ ಅಭ್ಯಸಿಸುವ ಗ್ರಾಫ್ ಸಿದ್ಧಾಂತ ಪಾಠದಲ್ಲಿ ಇಲ್ಲದಿದ್ದರೂ ಮಳೆಗಾಲದ ಮಧ್ಯಾಹ್ನ ಮಕ್ಕಳು ತೂಕಡಿಸುವಾಗ ಅದನ್ನೇ ಹೇಳುತ್ತಿದ್ದೆ. 1736ರಲ್ಲಿ ಯೂಲರ್ ಎಂಬ ಮಹಾಶಯ ಕೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳ ಲೆಕ್ಕ ಬಿಡಿಸಿದ ಕಥೆಯಿಂದ ಆ ಶಾಸ್ತ್ರ ಶುರುವಾಗುತ್ತದೆ. ಒಂದೊಂದು ಸೇತುವೆಯನ್ನೂ ಒಂದೇ ಸಲ ದಾಟಿ ಊರೆಲ್ಲ ಸುತ್ತಿ ಬರಬಹುದೇ ಎಂಬುದು ಪ್ರಶ್ನೆ. ಬರಲಾಗದು ಎಂದು ಅವನು ತೋರಿಸಿದ. ಅವನಿಗೆ ದ್ವೀಪ ಬೇಕಿತ್ತು, ಹೊಳೆ ಎರಡು ಕವಲಾಗಬೇಕಿತ್ತು, ಸೇತುವೆಗಳು ಬೇಕಿದ್ದವು. ಇವೆಲ್ಲ ಇಲ್ಲೇ ಶ್ರೀರಂಗಪಟ್ಟಣದಲ್ಲಿದ್ದವಲ್ಲ ಎಂದು ನನಗೆ ಇವತ್ತಿಗೂ ಒಂದು ಸಣ್ಣ ಅಸಮಾಧಾನ. ಆದರೆ ಕಿರಂಗೂರು ಕಡೆಯ ಕಾವೇರಿಗೆ ಪೂರ್ಣಯ್ಯನವರ ಕಾಲದಲ್ಲಿ ವೆಲ್ಲೆಸ್ಲಿ ಸೇತುವೆ ಆದದ್ದು 1804ರಲ್ಲಿ. ಯೂಲರ್ ಅವಸರ ಮಾಡಿಬಿಟ್ಟ.

ಹುಡುಗಿ ಬಳಸುತ್ತಿದ್ದ ತಂತ್ರಾಂಶದ ಹೆಸರು ಬ್ರೈಟ್. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟೊ ಮೆದಿನಾ, ಅನುಕೂಲ್ ಲಖಿನಾ, ಇಬ್ರಾಹಿಂ ಮತ್ತಾ, ಜಾನ್ ಬೈಯರ್ಸ್ ಎಂಬ ನಾಲ್ವರು ಸೇರಿ ಮಾಡಿದ್ದು. 2001ರ ಹೊತ್ತಿಗೆ ಅದರ ಪ್ರಬಂಧವೂ ಬಂದಿತ್ತು. ಈ ಲೋಕದಲ್ಲಿ ಇದು ಮುದಿ ತಂತ್ರಾಂಶವೇ, ಆದರೂ ಪ್ರಾಜೆಕ್ಟಿನ ಮಕ್ಕಳು ಇನ್ನೂ ಎಬ್ಬಿಸಿ ಕೂರಿಸಿ ಕೆಲಸ ಮಾಡಿಸುತ್ತಾರೆ. ತೆರೆದರೆ ತಾಲ್ಲೂಕು ಕಚೇರಿಯ ಅರ್ಜಿ ನಮೂನೆಯಂತೆ ಖಾನೆಗಳು. ಎಷ್ಟು ನೋಡ್, ಅಂದರೆ ಚುಕ್ಕಿ, ಬೇಕು? ಹೊಸದಾಗಿ ಬರುವ ಪ್ರತಿ ನೋಡ್ ಹಳಬರಲ್ಲಿ ಎಷ್ಟು ಮಂದಿಗೆ ಕೈ ಕೊಡಬೇಕು? ಸಾಮಾನ್ಯವಾಗಿ ಎರಡು. ನೋಡ್‌ಗಳನ್ನು ಚೆಲ್ಲುವುದಕ್ಕೆ ಒಂದು ಚೌಕ ಬಯಲು, ಬದಿಗೆ 1000 ಅಳತೆ. ಅದರೊಳಗೆ ಬದಿ 100ರ ಸಣ್ಣ ಚೌಕಗಳು. ಚುಕ್ಕಿಗಳನ್ನು ಹೇಗೆ ಬೇಕೋ ಹಾಗೆ ಎರಚಬಹುದು. ಇಲ್ಲವೇ ಕೆಲವು ಚೌಕಗಳಲ್ಲಿ ಕಿಕ್ಕಿರಿಸಿ, ಉಳಿದವನ್ನು ಬಣಗುಟ್ಟಲು ಬಿಡಬಹುದು. ಎರಡನೆಯದು ಕರ್ನಾಟಕ ಸರ್ಕಾರಕ್ಕೂ ತಿಳಿದಿರುವ ಪದ್ಧತಿ.

ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಊರು ತಯಾರು. ಚಿತ್ರವಲ್ಲ, ಪಠ್ಯದ ಕಡತ. ಮೇಲುಭಾಗದಲ್ಲಿ ನೋಡ್‌ಗಳ ಪಟ್ಟಿ: ಕ್ರಮಸಂಖ್ಯೆ, ಅಡ್ಡ ಅಳತೆ, ಉದ್ದ ಅಳತೆ, ಎಷ್ಟು ಗೆರೆ ಒಳಬಂದಿವೆ, ಎಷ್ಟು ಹೊರಹೋಗಿವೆ. ಕೆಳಗೆ ಲಿಂಕ್‌ಗಳ ಪಟ್ಟಿ: ಯಾವುದರಿಂದ ಯಾವುದಕ್ಕೆ, ಉದ್ದ ಎಷ್ಟು, ಎಷ್ಟು ವಿಳಂಬ, ಎಷ್ಟು ಸಾಮರ್ಥ್ಯ. ನಾನು ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳತನಕ ಓದಿದೆ. ಪಹಣಿ ಓದಿ ಅಭ್ಯಾಸವಿದ್ದವರಿಗೆ ಇದೇನೂ ಕಷ್ಟವಲ್ಲ. ಆದರೆ ಪಹಣಿಯಲ್ಲಿ ಋಣ, ಹಕ್ಕು, ತಕರಾರು ಅಂತೆಲ್ಲ ಕಾಣಿಸುತ್ತದೆ, ಇಲ್ಲಿ ಅದ್ಯಾವುದೂ ಇಲ್ಲ.

"ಈ ಮೂವತ್ತೇಳಕ್ಕೂ ಹನ್ನೊಂದಕ್ಕೂ ಗೆರೆ ಯಾಕ್ ಬಿತ್ತು?" ಎಂದೆ.

"ಅದು ರ‍್ಯಾಂಡಮ್ ದೊಡ್ಡಪ್ಪ."

"ಯಾಕೆ ಅನ್ನೋದಕ್ಕೆ ಒಂದು ಖಾನೆ ಬ್ಯಾಡ್ವ?"

ಅವಳು ನಕ್ಕು ಸುಮ್ಮನಾದಳು. ನಾನು ಮಾತ್ರ ಆ ಖಾನೆಯನ್ನು ಹುಡುಕುವುದು ಬಿಡಲಿಲ್ಲ.

ಈ ಗೆರೆ ಬೀಳುವ ಶಾಸ್ತ್ರಕ್ಕೂ ಒಂದು ಚರಿತ್ರೆ ಇದೆ. ಮೊದಲಿಗೆ, 1959ರಲ್ಲಿ, ಎರ್ಡಿಶ್ ಮತ್ತು ರೇನ್ಯಿ ಎಂಬ ಹಂಗೇರಿಯ ಗಣಿತಜ್ಞರು ಯಾವ ಪಕ್ಷಪಾತವೂ ಇಲ್ಲದೆ ಚೀಟಿ ಎತ್ತಿದ ಹಾಗೆ ಗೆರೆ ಎಳೆದರೆ ಎಂಥ ಗ್ರಾಫ್ ಆಗುತ್ತದೆಂದು ಬಹಳ ಸೊಗಸಾಗಿ ವಿಚಾರ ಮಾಡಿದರು. ಗಣಿತವಾಗಿ ಅದು ಚಿನ್ನ, ಜಾಲವಾಗಿ ಕೆಲಸಕ್ಕೆ ಬಾರದು. ದೂರ, ಹತ್ತಿರ ಎಂಬ ಪರಿವೆಯೇ ಅದಕ್ಕಿಲ್ಲ. 1988ರಲ್ಲಿ ಬರ್ನಾರ್ಡ್ ವ್ಯಾಕ್ಸ್‌ಮನ್ ಎಂಬವರು ದೂರವನ್ನು ಲೆಕ್ಕಕ್ಕೆ ತಂದರು. ಎರಡು ಚುಕ್ಕಿ ಹತ್ತಿರವಿದ್ದರೆ ಗೆರೆ ಬೀಳುವ ಸಾಧ್ಯತೆ ಹೆಚ್ಚು, ದೂರ ಹೋದಂತೆ ಅದು ಸರ್ರನೆ ಇಳಿಯುತ್ತದೆ. ಬ್ರೈಟ್‌ನಲ್ಲಿ ಈ ಸೂತ್ರಕ್ಕೆ ಎರಡು ಅಂಕಿ ಮೊದಲೇ ತುಂಬಿರುತ್ತವೆ, 0.15 ಮತ್ತು 0.2. ಮೇಷ್ಟರ ಕೈ ಸುಮ್ಮನಿರುವುದಿಲ್ಲವಲ್ಲ, ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ತೀರಾ ಅಂಟಿಕೊಂಡಿರುವ ಎರಡು ಚುಕ್ಕಿಗಳ ನಡುವೆ ಗೆರೆ ಬೀಳುವ ಸಾಧ್ಯತೆ ನೂರಕ್ಕೆ ಹದಿನೈದು. ಬಯಲಿನ ಆ ತುದಿಗೂ ಈ ತುದಿಗೂ ಆದರೆ ಸಾವಿರಕ್ಕೆ ಒಂದು.

ಹಾಗಿದ್ದರೆ ಶಿವನಸಮುದ್ರವನ್ನು ಏನು ಮಾಡೋಣ? ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ಧುಮುಕುವ ಜಾಗದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿತು. ಹುಟ್ಟಿದ್ದೇ ಎಲ್ಲಿಗೆ ಹೋಯಿತು? ಪಕ್ಕದ ಹಳ್ಳಿಗಲ್ಲ, ಮಂಡ್ಯಕ್ಕಲ್ಲ, ರಾಜಧಾನಿ ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ನೇರ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ತಂತಿಯ ಕೆಳಗೇ ಬದುಕಿದ ಹಳ್ಳಿಗಳು ಆಮೇಲೂ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯಲ್ಲಿ ಮುದ್ದೆ ತಿರುವಿದವು. ವ್ಯಾಕ್ಸ್‌ಮನ್ ಸೂತ್ರ ಕೇಳಿದರೆ ಆ ಗೆರೆ ಸಾವಿರಕ್ಕೆ ಒಂದು. ಗಣಿಯ ಕಂಪನಿಯನ್ನು ಕೇಳಿದ್ದರೆ ಸಾವಿರಕ್ಕೆ ಸಾವಿರ. ನೆಲದಡಿ ಚಿನ್ನವಿತ್ತು, ಅದನ್ನು ಎತ್ತಲು ಶಕ್ತಿ ಬೇಕಿತ್ತು, ಕೊಳ್ಳಲು ದುಡ್ಡಿತ್ತು. ಕನ್ನಂಬಾಡಿಗೆ ಕಟ್ಟೆ ಕಟ್ಟುವ ಮಾತು ಎದ್ದಾಗ ಅದರ ಹಿಂದಿದ್ದ ಕಾರಣಗಳಲ್ಲಿ ಬೇಸಿಗೆಯಲ್ಲೂ ಶಿವನಸಮುದ್ರಕ್ಕೆ ನೀರು ಬತ್ತದಂತೆ ನೋಡಿಕೊಳ್ಳುವುದೂ ಒಂದು. ನಾವು ಬೆಳೆಯುವ ಭತ್ತ, ಕಬ್ಬಿನ ಮೂಲ ಹುಡುಕುತ್ತಾ ಹೋದರೆ ಒಂದು ಬೇರು ಕೋಲಾರದ ಗಣಿಯೊಳಕ್ಕೆ ಇಳಿದಿರುತ್ತದೆ. ಈ ಗೆರೆಯನ್ನು ಎರಡು ಅಂಕಿಯಲ್ಲಿ ಹಿಡಿಯಲು ಹೊರಡುವುದು ಧೈರ್ಯದ ಕೆಲಸವೇ ಸರಿ.

ತಂತ್ರಾಂಶದವರೂ ಇದನ್ನು ಅರಿಯದವರಲ್ಲ. 1996ರ ಸುಮಾರಿಗೆ ಜಾರ್ಜಿಯಾ ಟೆಕ್‌ನ ಎಲೆನ್ ಜೆಗುರಾ, ಕೆನೆತ್ ಕಾಲ್ವರ್ಟ್ ಮೊದಲಾದವರು ಎಲ್ಲ ನೋಡ್‌ಗಳೂ ಒಂದೇ ಅಂತಸ್ತಿನವಲ್ಲ ಎಂದರು. ಬೇರೆಯವರ ಮಾಹಿತಿಯನ್ನು ಹೊತ್ತು ದಾಟಿಸುವ ದೊಡ್ಡ ಜಾಲಗಳು ಕೆಲವು, ಅವುಗಳ ಅಂಚಿಗೆ ನೇತುಬಿದ್ದ ಸಣ್ಣ ಜಾಲಗಳು ಹಲವು. ಮೊದಲನೆಯವು ಟ್ರಾನ್ಸಿಟ್, ಎರಡನೆಯವು ಸ್ಟಬ್. ಹುಡುಗಿ ಮುಲಾಜಿಲ್ಲದೆ "ನಮ್ಮೂರು ಸ್ಟಬ್ಬು ದೊಡ್ಡಪ್ಪ" ಎಂದಳು. ನನಗೇನೂ ಬೇಜಾರಾಗಲಿಲ್ಲ. ಬೆಂಗಳೂರು ಮೈಸೂರು ರಸ್ತೆಯ ಪಕ್ಕದಲ್ಲಿದ್ದೂ ಬಹುಪಾಲು ವಾಹನಗಳಿಗೆ ಕಿಟಕಿಯಿಂದ ಸರಿದುಹೋಗುವ ಹೆಸರಾಗಿ ಉಳಿದಿರುವುದು ನಮಗೆ ರೂಢಿಯಾಗಿದೆ. ದಾಟಿಹೋಗುವವರನ್ನೇ ನಂಬಿಕೊಂಡಿದ್ದವರ ಪಾಡು ಅದಕ್ಕಿಂತ ಕಷ್ಟ. 2023ರ ಮಾರ್ಚಿನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ ಬೈಪಾಸುಗಳು ತೆರೆದುಕೊಂಡ ಮೇಲೆ ಬಿಡದಿಯ ತಟ್ಟೆ ಇಡ್ಲಿಯವರೂ ಮದ್ದೂರು ವಡೆಯವರೂ ಗಿರಾಕಿ ಕಡಮೆಯಾಯಿತೆಂದು ಗೋಳಾಡಿದ್ದನ್ನು ಎಲ್ಲರೂ ಓದಿದ್ದೇವೆ. ಜಾಲಕ್ಕೆ ಗೆರೆ ಸೇರಿಸಿದರೆ ಎಲ್ಲರಿಗೂ ಲಾಭ ಎಂದುಕೊಂಡವರು ಒಂದು ಸಲ ಹಳೇ ರಸ್ತೆಯಲ್ಲಿ ಹೋಗಿ ವಡೆ ತಿನ್ನಬೇಕು. ಈಗಂತೂ ಕಾಯದೆ ಸಿಗುತ್ತದೆ.

ಮಿಶಿಗನ್ ವಿಶ್ವವಿದ್ಯಾಲಯದಿಂದ ಬಂದ ಐನೆಟ್ ಎಂಬ ಇನ್ನೊಂದು ತಂತ್ರಾಂಶದ ಗತ್ತೇ ಬೇರೆ. 3037ಕ್ಕಿಂತ ಕಡಮೆ ನೋಡ್ ಇರುವ ಜಾಲ ಅದಕ್ಕೆ ಒಗ್ಗದು. 1997ರ ನವೆಂಬರಿನಲ್ಲಿ ಇಂಟರ್‌ನೆಟ್ಟಿನೊಳಗಿದ್ದ ಸ್ವತಂತ್ರ ಜಾಲಗಳ ಸಂಖ್ಯೆ ಅಷ್ಟಿತ್ತಂತೆ, ಅಲ್ಲಿಂದ ಕೆಳಗೆ ಅದರ ಲೆಕ್ಕ ಇಳಿಯುವುದಿಲ್ಲ. ನಮ್ಮೂರ ಕಂಬಗಳ ನಕ್ಷೆ ಬರೆಯಲು ಅದನ್ನು ಕರೆದರೆ ಸಣ್ಣ ಮದುವೆಗೆ ಒಪ್ಪದ ದೊಡ್ಡ ವಾಲಗದವರ ಹಾಗೆ ಮುಖ ತಿರುಗಿಸಿಬಿಡುತ್ತದೆ.

1999ರಲ್ಲಿ ಒಂದು ಸದ್ದಾಯಿತು. ಮಿಖಾಲಿಸ್, ಪೆಟ್ರೋಸ್, ಕ್ರಿಸ್ಟೋಸ್ ಎಂಬ ಫಲೂತ್ಸೋಸ್ ಮನೆತನದ ಮೂವರು ಅಣ್ಣತಮ್ಮಂದಿರು ಒಟ್ಟಿಗೆ ಕೂತು ಒಂದು ಪ್ರಬಂಧ ಬರೆದರು. (ಮೂವರು ಅಣ್ಣತಮ್ಮಂದಿರು ಒಟ್ಟಿಗೆ ಕೂತದ್ದೇ ನಮ್ಮ ಹೋಬಳಿಯಲ್ಲಾದರೆ ಸುದ್ದಿ.) ಇಂಟರ್‌ನೆಟ್ಟಿನಲ್ಲಿ ಬೆರಳೆಣಿಕೆಯ ಜಾಲಗಳಿಗೆ ಲೆಕ್ಕವಿಲ್ಲದಷ್ಟು ನೆಂಟರು, ಬಹುಪಾಲು ಜಾಲಗಳಿಗೆ ಒಬ್ಬಿಬ್ಬರು, ಈ ಏರಿಳಿತ ಒಂದು ಘಾತ ನಿಯಮಕ್ಕೆ ಕೂರುತ್ತದೆ ಎಂದು ತೋರಿಸಿದರು. ಅದೇ ವರ್ಷ ಬರಬಾಶಿ ಮತ್ತು ಆಲ್ಬರ್ಟ್ ಅದಕ್ಕೆ ಕಾರಣ ಕೊಟ್ಟರು: ಹೊಸದಾಗಿ ಬರುವವರು ಈಗಾಗಲೇ ಹೆಚ್ಚು ನಂಟಿರುವವರ ಹತ್ತಿರವೇ ಹೋಗುತ್ತಾರೆ, ಉಳ್ಳವರಿಗೆ ಇನ್ನಷ್ಟು ಸೇರುತ್ತದೆ. ಬ್ರೈಟ್, ಐನೆಟ್‌ಗಳೆಲ್ಲ ಈ ಬೆಳಕಿನಲ್ಲಿ ಹುಟ್ಟಿದವು. ಹಳೆಯ ತಂತ್ರಾಂಶಗಳ ಊರುಗಳಲ್ಲಿ ಈ ಏರುಪೇರು ಇರಲಿಲ್ಲ, ಹೊಸವುಗಳಲ್ಲಿ ಇತ್ತು. ಎಲ್ಲರೂ ಸರಿಹೋಯಿತು ಅಂದುಕೊಂಡರು.

ಅಂದುಕೊಂಡಿದ್ದು ಸರಿಯಲ್ಲ ಎಂದವರು ಲುನ್ ಲಿ, ಡೇವಿಡ್ ಆಲ್ಡರ್‌ಸನ್, ವಾಲ್ಟರ್ ವಿಲಿಂಗರ್, ಜಾನ್ ಡಾಯ್ಲ್. 2004ರ ಅವರ ಪ್ರಬಂಧ ನನಗೆ ಬಹಳ ಹಿಡಿಸಿತು. ಅವರು ರೌಟರ್‌ಗಳನ್ನು ಬಿಚ್ಚಿ ನೋಡುವ ಜಾತಿಯವರು. ಒಂದು ರೌಟರ್ ಒಟ್ಟು ಸಾಗಿಸಬಲ್ಲದ್ದಕ್ಕೆ ಮಿತಿ ಇದೆ. ಬೇಕಾದಷ್ಟು ಸಣ್ಣ ಲಿಂಕ್‌ಗಳನ್ನು ಸೇರಿಸಿಕೊಳ್ಳಿ, ಇಲ್ಲವೇ ಕೆಲವೇ ದಪ್ಪ ಲಿಂಕ್‌ಗಳನ್ನು ಸೇರಿಸಿಕೊಳ್ಳಿ, ಎರಡೂ ಒಟ್ಟಿಗೆ ಆಗದು. ಅದರಿಂದ ಏನಾಗುತ್ತದೆ? ಹತ್ತಾರು ಗೆರೆಗಳಿರುವ ನೋಡ್‌ಗಳು ಜಾಲದ ನಡುವೆ ಮೆರೆಯುವುದಿಲ್ಲ, ಅಂಚಿನಲ್ಲಿ, ಮನೆಮನೆಗೆ ಹಂಚುವ ಜಾಗದಲ್ಲಿ ಇರುತ್ತವೆ. ನಡುವಿನಲ್ಲಿರುವವಕ್ಕೆ ಗೆರೆ ಕಡಮೆ, ಹರಿವು ಹೆಚ್ಚು. ಗೆರೆಗಳ ಎಣಿಕೆ ತಾಳೆಯಾದ ಮಾತ್ರಕ್ಕೆ ಎರಡು ಜಾಲ ಒಂದೇ ಆಗುವುದಿಲ್ಲವೆಂದು ಅವರು ಅದೇ ಎಣಿಕೆಯ ಬೇರೆಬೇರೆ ಜಾಲ ಬರೆದು ತೋರಿಸಿದರು. ಒಂದು ಚೆನ್ನಾಗಿ ಓಡುತ್ತದೆ, ಇನ್ನೊಂದಕ್ಕೆ ಉಸಿರು ಕಟ್ಟುತ್ತದೆ.

ಇದನ್ನು ಓದಿದಾಗ ನನಗೆ ವಿ.ಸಿ. ನಾಲೆ ಕಣ್ಣ ಮುಂದೆ ಬಂತು. ಕೆ.ಆರ್.ಎಸ್.ನಿಂದ ಹೊರಟು, ಹುಲಿಕೆರೆಯ ಸುರಂಗ ತೂರಿ, ಮಂಡ್ಯ, ಮದ್ದೂರು, ಮಳವಳ್ಳಿಗೆ ಹರಿಯುವ ವಿಶ್ವೇಶ್ವರಯ್ಯ ನಾಲೆಯನ್ನು ಕಾಗದದ ಮೇಲೆ ಬರೆದರೆ ಚೊಕ್ಕವಾದ ಒಂದು ಮರ. ಮುಖ್ಯ ನಾಲೆ ಕೆಲವೇ ಕಡೆ ಕವಲೊಡೆಯುತ್ತದೆ, ನೀರು ಮಾತ್ರ ತುಂಬ. ಉಪನಾಲೆ, ವಿತರಣಾ ನಾಲೆ ದಾಟಿ ಹೊಲಗಾಲುವೆಗೆ ಬಂದರೆ ಹೆಜ್ಜೆಗೊಂದು ತೂಬು, ಪಾತ್ರೆಯಷ್ಟು ನೀರು. ಮರದಲ್ಲಿ ಸುತ್ತು ದಾರಿ ಎಂಬುದಿಲ್ಲ. ಮೇಲೆ ಒಂದು ಕಡೆ ಏರಿ ಕುಸಿದರೆ ಕೆಳಗಿನವರೆಲ್ಲ ಆಕಾಶ ನೋಡಬೇಕು. ಕೊನೆ ಭಾಗದ ರೈತರಿಗೆ ನೀರು ತಲುಪಿಲ್ಲ ಎಂಬ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಬರುವುದು ಈ ಮರದ ಗುಣದಿಂದಲೇ. ಸರ್ಕಾರ ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತದೆ. ಆ ಸರದಿಯನ್ನು ಗದ್ದೆಯ ಬದುವಿನಲ್ಲಿ ನಿಂತು ಜಾರಿ ಮಾಡುವವನು ನೀರುಗಂಟಿ. ಭುಜದ ಮೇಲೆ ಸನಿಕೆ, ಬಾಯಿತುಂಬ ಎಲೆಅಡಿಕೆ. ಯಾರ ತೂಬು ಎಷ್ಟು ಹೊತ್ತು ತೆಗೆಯಬೇಕು, ಯಾರಿಗೆ ಕೊಟ್ಟರೆ ಯಾರು ಕಿರುಚುತ್ತಾರೆ, ಯಾರ ಮನೆಯಲ್ಲಿ ಮದುವೆ ಎಂದು ಈ ಸಲ ಅರ್ಧ ಗಂಟೆ ಜಾಸ್ತಿ, ಇವೆಲ್ಲ ಅವನ ತಲೆಯಲ್ಲಿ. ನಮಗೆ ಪರಿಚಯದ ನೀರುಗಂಟಿಯೊಬ್ಬನನ್ನು ಹುಡುಗಿ ಉಮೇದಿನಿಂದ ಮಾತಾಡಿಸಿದಳು. ಯಾವ ನಿಯಮದ ಮೇಲೆ ನೀರು ಬಿಡುತ್ತೀರಿ ಎಂದು ಕೇಳಿದಳು.

"ನಿಯಮ ಎಲ್ಲ ಬರ್ದವ್ರೆ ಕಣವ್ವ, ಆಫೀಸ್ನಾಗದೆ" ಎಂದ. "ನೀರು ಮಾತ್ರ ಇಲ್ಲಿ ಅದೆ."

ಈಗ ಹಳ್ಳಿಗಳಿಗೆ ಹರಿದು ಬಂದಿರುವ ಫೈಬರ್ ಜಾಲಕ್ಕೂ ಇದೇ ಪ್ರಶ್ನೆ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿ, ಆಮೇಲೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆ ಗ್ರಾಮ ಪಂಚಾಯಿತಿಗಳನ್ನು ಮೊದಲ ಹಂತದಲ್ಲಿ ಸಾಲಾಗಿ ಪೋಣಿಸಿತು. ಹಗ್ಗದ ನಡುವೆ ಒಂದು ಕಡೆ ಜೆಸಿಬಿ ಕಚ್ಚಿದರೆ ಮುಂದಿನವರ ಕಥೆ ಮುಗಿಯಿತು. 2023ರಲ್ಲಿ ಯೋಜನೆ ತಿದ್ದಿದಾಗ ಉಂಗುರದಂತೆ ಸುತ್ತಿ ತರಬೇಕೆಂದು ನಿಶ್ಚಯಿಸಿದರು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರಲಿ ಎಂದು. ನಾಲೆಗೆ ಉಂಗುರ ಮಾಡಲಾಗದು, ನೀರು ಮೇಲಕ್ಕೆ ಹತ್ತುವುದಿಲ್ಲ. ಬೆಳಕಿಗೆ ಆ ಕಟ್ಟುಪಾಡಿಲ್ಲ. ಆದರೂ ಮೊದಲ ಸಲ ಉಂಗುರ ಯಾಕೆ ಮಾಡಲಿಲ್ಲ ಎಂದರೆ ಉತ್ತರ ಸೂತ್ರದಲ್ಲಿಲ್ಲ, ಅಂದಾಜು ಪಟ್ಟಿಯಲ್ಲಿದೆ.

ನಮ್ಮವರು ಈ ವಿದ್ಯೆಯಲ್ಲಿ ಬರೀ ನೋಡುತ್ತ ಕೂತವರಲ್ಲ, ಇದನ್ನು ಹೇಳದೆ ಮುಂದೆ ಹೋಗಲಾರೆ. 1979ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ಒಂದು ಗ್ರಾಫಿನಲ್ಲಿ ಆದಷ್ಟು ಕಡಮೆ ಬಿಂದುಗಳನ್ನು ಆರಿಸಬೇಕು. ಉಳಿದ ಪ್ರತಿ ಬಿಂದುವೂ ಆರಿಸಿದ ಯಾವುದಾದರೂ ಒಂದಕ್ಕೆ ನೆರೆಯಾಗಿರಬೇಕು. ಆರಿಸಿದವು ತಮ್ಮತಮ್ಮಲ್ಲೇ ಬಿಡದಂತೆ ಬೆಸೆದುಕೊಂಡಿರಬೇಕು. ಕನಿಷ್ಠ ಎಷ್ಟು ಬೇಕಾದೀತು? ಆಗ ಇದು ಶುದ್ಧ ಗಣಿತ. ಇಪ್ಪತ್ತು ವರ್ಷ ಕಳೆಯುವುದರೊಳಗೆ ತಂತಿಯಿಲ್ಲದ ಜಾಲಗಳವರಿಗೆ ಇದೇ ಬೇಕಾಯಿತು. ಎಲ್ಲ ಯಂತ್ರಗಳೂ ಕಿರುಚಾಡುವ ಬದಲು ಕೆಲವೇ ಯಂತ್ರಗಳು ಬೆನ್ನೆಲುಬಾಗಿ ನಿಂತು ಸುದ್ದಿ ದಾಟಿಸಿದರೆ ಸಾಕಲ್ಲ! ಸಂಪತ್‌ಕುಮಾರರು ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಸೆಮಿಗ್ರಾಫ್ ಎಂಬ ಇನ್ನೊಂದು ಕಲ್ಪನೆ ಬೆಳೆಸಿದರು. ಅಲ್ಲಿ ಒಂದು ಗೆರೆಗೆ ಎರಡು ತುದಿಯಷ್ಟೇ ಅಲ್ಲ, ನಡುವೆಯೂ ಬಿಂದುಗಳಿರಬಹುದು. ಮೈಸೂರಿನಿಂದ ಮಂಡ್ಯಕ್ಕೆ ಹೋಗುವ ಷಟಲ್ ಬಸ್ಸಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಗೆರೆ, ನಡುವೆ ಶ್ರೀರಂಗಪಟ್ಟಣ, ಕಿರಂಗೂರು, ನಾವು. ಸ್ಟಬ್ ಎನ್ನಿಸಿಕೊಳ್ಳುವುದಕ್ಕಿಂತ ನಡುಬಿಂದು ಎನ್ನಿಸಿಕೊಳ್ಳುವುದು ಎಷ್ಟೋ ವಾಸಿ.

ಧಾರವಾಡದ ಲೆಕ್ಕಕ್ಕೆ ನಮ್ಮ ಬೀದಿಯಲ್ಲೇ ಕೆಲಸ ಬಿತ್ತು. ಕಬ್ಬು ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರುಗಳು ಮನೆಯಷ್ಟೆತ್ತರ ಹೇರಿಕೊಂಡು ಕಾರ್ಖಾನೆಗೆ ಹೋಗುತ್ತವೆ. ಒಂದು ಟ್ರ್ಯಾಕ್ಟರ್ ರಸ್ತೆಗೆ ಅಡ್ಡಲಾಗಿ ಎಳೆದಿದ್ದ ಫೈಬರನ್ನು ಕಬ್ಬಿನ ಸುಳಿಗೆ ಸಿಕ್ಕಿಸಿಕೊಂಡು, ಡಬ್ಬ ಸಮೇತ ಕಿತ್ತುಕೊಂಡು ಹೋಯಿತು. ಅರ್ಧ ಊರಿಗೆ ನೆಟ್ ಇಲ್ಲ. ಕೇಬಲ್ ಹುಡುಗ ಏಣಿ ತಂದು ತಲೆ ಕೆರೆಯುತ್ತಾ ನಿಂತ. ಹೇಗೂ ಹೊಸದಾಗಿ ಎಳೆಯಬೇಕು, ಆದಷ್ಟು ಕಡಮೆ ಕಂಬಗಳಲ್ಲಿ ಡಬ್ಬ ಕೂರಿಸಿ ಎಲ್ಲ ಮನೆಗೂ ಮುಟ್ಟಿಸಲು ಎಲ್ಲೆಲ್ಲಿ ಹಾಕಲಿ ಎಂದು ನನ್ನನ್ನು ಕೇಳಿದ. ಹುಡುಗಿಯ ಕಣ್ಣು ಮಿಂಚಿತು. ಇಲ್ಲದ ಊರುಗಳನ್ನು ಅಲ್ಲೇ ಬಿಟ್ಟು ನೋಟ್‌ಬುಕ್ ಹಿಡಿದು ಕಂಬ ಎಣಿಸಲು ಹೊರಟಳು. ಅವನು ಹಿಂದೆ, ಏಣಿ ಅವನ ಹೆಗಲ ಮೇಲೆ. ಸಂಜೆಯೊಳಗೆ ಲ್ಯಾಪ್‌ಟಾಪು ಉತ್ತರ ಕೊಟ್ಟಿತು. ಇಂಥಿಂಥ ಕಂಬಗಳು, ಅವುಗಳಲ್ಲಿ ಒಂದು ಮಾತ್ರ ಬಿಡುವಂತೆಯೇ ಇಲ್ಲ.

ಕೇಬಲ್ ಹುಡುಗ ನಕ್ಷೆ ನೋಡಿದ. "ಈ ಕಂಬಕ್ಕೆ ಆಗಾಕಿಲ್ಲ ಅಕ್ಕಾ" ಎಂದ. "ಅಲ್ಲಿ ಅಣ್ತಮ್ಮಂದ್ರು ಹಿಸ್ಸೆ ಕೇಸು ಹಾಕ್ಕೊಂಡವ್ರೆ. ಆ ಜಾಗದ ಮ್ಯಾಲೆ ವೈರ್ ಎಳುದ್ರೆ ಒಬ್ಬ ಕತ್ತರಿಸ್ತಾನೆ, ಕಟ್ಟುದ್ರೆ ಇನ್ನೊಬ್ಬ ಕತ್ತರಿಸ್ತಾನೆ."

"ದೊಡ್ಡಪ್ಪ, ನಿಮ್ ಖಾನೆ ಸಿಕ್ತು" ಎಂದು ಹುಡುಗಿ ನನ್ನ ಕಡೆ ನೋಡಿದಳು. ಆ ಬಿಂದುವನ್ನು ತೆಗೆದುಹಾಕಿ ಮತ್ತೆ ಲೆಕ್ಕ ಮಾಡಿಸಿದಳು. ಈ ಸಲ ಒಂದು ಡಬ್ಬ ಜಾಸ್ತಿ ಬೇಕಾಯಿತು, ಮುಖ್ಯ ಡಬ್ಬ ಬಂದು ನಮ್ಮ ಕಾಂಪೌಂಡಿನ ಗೋಡೆಗೆ ಕೂತಿತು. ಕರೆಂಟೂ ನಮ್ಮ ಮೀಟರಿನದೇ. ರಜೆ ಮುಗಿಸಿ ಅವಳು ಹಾಸ್ಟೆಲಿಗೆ ಹೋದಳು. ಈಗ ಬೀದಿಯಲ್ಲಿ ಯಾರ ಮನೆಯ ನೆಟ್ ನಿಂತರೂ ಮೊದಲು ಬಾಗಿಲು ತಟ್ಟುವುದು ನನ್ನದು. ಮ್ಯಾಚ್ ಇದ್ದ ರಾತ್ರಿಗಳಲ್ಲಂತೂ ನನ್ನ ನೋಡ್‌ಗೆ ಒಳಬರುವ ಗೆರೆಗಳನ್ನು ಲೆಕ್ಕವಿಡುವುದೇ ಕಷ್ಟ. ಹಿಸ್ಸೆ ಕೇಸಿನ ಅಣ್ಣನೂ ಬರ‍್ತಾನೆ, ತಮ್ಮನೂ ಬರ‍್ತಾನೆ, ಬೇರೆಬೇರೆ ಹೊತ್ತಿನಲ್ಲಿ. "ಮೇಷ್ಟ್ರೇ, ಆ ಡಬ್ಬ ವಸಿ ಆಫ್ ಮಾಡಿ ಆನ್ ಮಾಡ್ತೀರಾ?" ಎಂದು ಇಬ್ಬರೂ ಕೇಳುವುದು ಒಂದೇ ಧಾಟಿಯಲ್ಲಿ.